ಎರಡು ಕೂಸಿಗೆ ಒಂದೇ ಲೆಕ್ಕವೆ?

ಕಳೆದ ಎರಡು ವಾರ ಈ ಪುಟಕ್ಕೆ ನಾನು ಬರೆಯಲಿಲ್ಲ. ಏಕೆಂದು ಕೆಲವು ಗೆಳೆಯರು ಕೇಳಿದರು. ಪಕ್ಷದ ಕೆಲಸದ ಮೇಲೆ ಪರಸ್ಥಳಕ್ಕೆ ಹೋಗಿರಬೇಕೆಂದು ಕೆಲವರು ತಿಳಿದಿದ್ದರಂತೆ. ನಾನು ಎಲ್ಲಿಗೂ ಹೋಗಿರಲಿಲ್ಲ. ಮನೆಯಲ್ಲಿದ್ದೆ, ನೀರು ಹೊರುತ್ತಿದ್ದೆ. ನನ್ನ ಹೆಂಡತಿ ಬಸುರಿ. ಈಗ ಏಳು ತಿಂಗಳು. ಹೊಟ್ಟೆಯಲ್ಲಿ ಎರಡು ಕೂಸುಗಳಿವೆ.

ಮನೆಯ ಸಂಗತಿಯನ್ನು ಪತ್ರಿಕೆಗೆ ಎಳೆದು ತರುವುದು ನಮ್ಮವರಲ್ಲಿ ರೂಢಿಯಲ್ಲ. ಬೆಲೆಯೇರಿಕೆ, ಬೋನಸ್ಸು, ಲೇವಾದೇವಿ, ಇವು ಸಾರ್ವಜನಿಕರ ಮಾತು. ಬಸಿರು ಬಾಣಂತನಗಳು ಹೆಂಗಸರ ಕೋಣೆಯ ಮಾತು ಎಂದು ನಾವು ಹಂಚಿಕೊಂಡುಬಿಟ್ಟಿದ್ದೇವೆ. ನಾನೂ ಹಾಗೆಯೇ ತಿಳಿದಿದ್ದವನು. ಏಳೆಂಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನಾದ್ದರಿಂದ ಕೂಡಿಸುವುದು, ಕಳೆಯುವುದು ನನಗೆ ಬಿಡದ ಚಾಳಿ. ಈ ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ನಡೆದಿರುವ ಲೆಕ್ಕ ಎತ್ತ ಕೂಡಿಸಿದರೂ ತಾಳೆಯಾಗುತ್ತಿಲ್ಲ. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ಸ್ಕ್ಯಾನಿಂಗ್ ಮಾಡಿದ ದಿನ ಡಾಕ್ಟರಮ್ಮ ‘ಎರಡಿವೆ’ ಎಂದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಸಂಜೆ ಕಿರಾಣಿ ಅಂಗಡಿಯ ಅಣ್ಣನಿಗೆ ಸುದ್ದಿ ತಿಳಿದು, ‘ಬಿಡಿ ಮೇಷ್ಟ್ರೇ, ಒಂದು ಕೊಂಡರೆ ಒಂದು ಪುಕ್ಕಟೆ’ ಎಂದು ನಕ್ಕರು. ಅಲ್ಲಿದ್ದವರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದರೆ ನಮ್ಮವ್ವ, ‘ಜೋಡಿ ಬಾಳೆಹಣ್ಣು ತಿಂದಿರಬೇಕು ಇವಳು’ ಎಂದು ಸೊಸೆಯ ಮೇಲೆ ಹೊರಿಸಿದಳು. ಒಂದೇ ತಿಂಗಳಲ್ಲಿ ಎರಡು ಅಂಡ ಬಲಿತರೆ, ಇಲ್ಲವೆ ಒಂದೇ ಅಂಡ ಬಸಿರು ನಿಂತ ಮೇಲೆ ಎರಡಾಗಿ ಒಡೆದರೆ ಅವಳಿ ಆಗುತ್ತದೆ. ಬಾಳೆಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಹೀಗೆಂದು ತಿಳಿಸಿ ಹೇಳಿದೆ. ಅವ್ವ ಒಪ್ಪಲಿಲ್ಲ. ಲವ ಕುಶರ ಹೆಸರು, ನಕುಲ ಸಹದೇವರ ಹೆಸರು ಎತ್ತಿ ತಾನೇ ಸಮಾಧಾನಪಟ್ಟುಕೊಂಡಳು. ಕಡೆಗೆ, ಅವಳಿ ಎಂದು ಯಾರಿಗೂ ಹೇಳಬೇಡಿ, ದೃಷ್ಟಿಯಾಗುತ್ತದೆ ಎಂದು ಕಟ್ಟಪ್ಪಣೆ ಮಾಡಿದಳು.

ಹೇಳದೆ ಇರುವುದು ಎಷ್ಟು ಅಪಾಯವೆಂಬುದು ಆಮೇಲೆ ತಿಳಿಯಿತು. ಅವಳಿ ಬಸುರಿಗೆ ರಕ್ತ ಕಡಿಮೆಯಾಗುವುದು ಹೆಚ್ಚು, ರಕ್ತದೊತ್ತಡ ಏರುವುದು ಹೆಚ್ಚು. ಅವಳಿ ಕೂಸುಗಳಲ್ಲಿ ಅರ್ಧಕ್ಕೂ ಮಿಕ್ಕು ದಿನ ತುಂಬುವ ಮೊದಲೇ, ಅಂದರೆ 37 ವಾರಕ್ಕೆ ಮುಂಚೆಯೇ ಹುಟ್ಟುತ್ತವೆ. ಆದ್ದರಿಂದ ಇಂಥ ಬಸಿರನ್ನು ಅಪಾಯದ ಬಸಿರೆಂದು ಗುರುತು ಮಾಡಿ ತಾಯಿ ಕಾರ್ಡಿನ ಮೇಲೆ ಕೆಂಪು ಚೀಟಿ ಅಂಟಿಸುತ್ತಾರೆ. ಕೆಂಪೆಂದರೆ ನಮ್ಮಂಥವರಿಗೆ ಯಾವಾಗಲೂ ಹೆಮ್ಮೆ. ಈ ಕೆಂಪು ಕಂಡು ಮಾತ್ರ ಎದೆ ಝಲ್ಲೆಂದಿತು. 2016ರಿಂದ ಪ್ರತಿ ತಿಂಗಳು 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಉಚಿತವಾಗಿ ನಡೆಯುತ್ತದೆ. ಕೆಂಪು ಚೀಟಿಯವರಂತೂ ಅದನ್ನು ತಪ್ಪಿಸಬಾರದು. ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಕೈ ಬಾತರೆ ನಾಳೆ ನೋಡೋಣ ಎನ್ನದೆ 108ಕ್ಕೆ ಫೋನು ಮಾಡಬೇಕೆಂದು ಡಾಕ್ಟರಮ್ಮ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಮಗ್ಗಿ ಒಪ್ಪಿಸುವ ಹುಡುಗನಂತೆ ಎರಡು ಸಲ ಹೇಳಿಸಿದರು.

ಇನ್ನು ನೀರಿನ ಮಾತು. ನಮ್ಮ ವಠಾರದ ನಲ್ಲಿಗೆ ದಿನ ಬಿಟ್ಟು ದಿನ, ಬೆಳಗಿನ ಜಾವ ನೀರು ಬರುತ್ತದೆ. ಮನೆಗೆ 12 ಕೊಡ ಬೇಕು. ಒಂದು ಕೊಡಕ್ಕೆ 15 ಲೀಟರೆಂದರೆ 180 ಲೀಟರು, ತೂಕದಲ್ಲಿ 180 ಕಿಲೋ. ಮದುವೆಯಾದಾಗಿನಿಂದ ಈ ಭಾರವನ್ನು ಹೊತ್ತವಳು ನನ್ನ ಹೆಂಡತಿ. ಹಮಾಲರ ಸಭೆಯಲ್ಲಿ ನಿಂತು ಮೂಟೆಯ ತೂಕದ ಬಗ್ಗೆ ನಾನು ಗಂಟೆಗಟ್ಟಲೆ ಮಾತನಾಡಿದ್ದೇನೆ. ಕೊಡದ ತೂಕವನ್ನು ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ಈಗ ನಾನು ಹೊರುತ್ತೇನೆ. ಮೊದಲ ದಿನ ನಲ್ಲಿಯ ಸಾಲಿನಲ್ಲಿ ನಿಂತಾಗ ಹೆಂಗಸರು ಸರಿದು ಜಾಗ ಕೊಟ್ಟು, ‘ಪಾಪ, ಮೇಷ್ಟ್ರು’ ಎಂದರು. ಇಷ್ಟು ವರ್ಷ ಅದೇ ಸಾಲಿನಲ್ಲಿ ನಿಂತವಳಿಗೆ ಪಾಪ ಎಂದವರು ಯಾರೂ ಇರಲಿಲ್ಲ.

ನಮ್ಮ ವಠಾರದಲ್ಲಿ ಎಂಟು ಸಂಸಾರಕ್ಕೆ ಎರಡು ಪಾಯಿಖಾನೆ. ಎರಡು ಕೂಸು ಹೊತ್ತವಳು ರಾತ್ರಿಯಲ್ಲಿ ಐದಾರು ಸಲ ಏಳಬೇಕಾಗುತ್ತದೆ. ಹೆಂಗಸರ ನೀರಿನ ಪ್ರಶ್ನೆ, ಪಾಯಿಖಾನೆಯ ಪ್ರಶ್ನೆ ರಾಜಕೀಯದ ಪ್ರಶ್ನೆಗಳೆಂದು ಡಾ. ಲೋಹಿಯಾ ಹೇಳುತ್ತಿದ್ದರೆಂಬುದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಬ್ಯಾಟರಿ ಹಿಡಿದುಕೊಂಡು ಅವಳ ಹಿಂದೆ ಅಂಗಳ ದಾಟುವಾಗ ಆ ಮಾತಿನ ಅರ್ಥ ಆಯಿತು.

ನಮ್ಮ ಹಿರಿಯ ಮಗಳಿಗೆ ಆರು ವರ್ಷ. ಎರಡು ಕೂಸು ಬರುತ್ತವೆಂದು ತಿಳಿದ ದಿನವೇ ‘ಒಂದು ಅವ್ವಂದು, ಒಂದು ನಂದು’ ಎಂದು ಪಾಲು ಮಾಡಿದ್ದಾಳೆ. ಅಪ್ಪನಿಗೆ ಇಲ್ಲವೆ ಎಂದರೆ, ‘ನಿನಗೆ ಮೀಟಿಂಗ್ ಇರ್ತಾವಲ್ಲ’ ಎನ್ನುತ್ತಾಳೆ.

ಊಟದ ವಿಚಾರಕ್ಕೆ ಬರೋಣ. ಕಬ್ಬಿಣದ ಮಾತ್ರೆ ದಿನಕ್ಕೆ ಒಂದು, ಸುಣ್ಣದ ಮಾತ್ರೆ ಎರಡು. ಜೊತೆಗೆ ಮೊಟ್ಟೆ, ಹಾಲು, ಕಾಳು, ಶೇಂಗಾ, ನುಗ್ಗೆಸೊಪ್ಪು, ಇಬ್ಬರಿಗೆ ಆಗುವಷ್ಟು ತಿನ್ನಬೇಕು ಎಂದಿದ್ದಾರೆ. ಆದರೆ ಹೊಟ್ಟೆಯಲ್ಲಿ ಜಾಗವಿಲ್ಲ. ನಾಲ್ಕು ತುತ್ತಿಗೆ ಎದೆ ಉರಿಯುತ್ತದೆ. ಅದರಿಂದ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣಬೇಕು. ಆರು ಸಲ ಅಡಿಗೆ ಬಿಸಿ ಮಾಡಿ ಕೊಡುವವರು ಯಾರು? ರಾಜ್ಯ ಸರಕಾರ 2017ರಲ್ಲಿ ಆರಂಭಿಸಿದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಮಧ್ಯಾಹ್ನದ ಊಟ ಉಂಟು. ಒಳ್ಳೆಯ ಯೋಜನೆ, ಅದನ್ನು ಹಳಿಯಲಾರೆ. ಆದರೆ ತಟ್ಟೆ ಒಂದೇ. ಒಂದು ಕೂಸು ಹೊತ್ತವಳಿಗೂ ಅದೇ, ಎರಡು ಹೊತ್ತವಳಿಗೂ ಅದೇ.

ಇದೊಂದೇ ಅಲ್ಲ. 2013ರ ಆಹಾರ ಭದ್ರತಾ ಕಾಯಿದೆ ಪ್ರತಿಯೊಬ್ಬ ಬಸುರಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಭತ್ಯ ಕೊಡಬೇಕೆಂದಿತು. 2017ರಲ್ಲಿ ಕೇಂದ್ರ ಸರಕಾರ ಯೋಜನೆ ಮಾಡುವಾಗ ಅದನ್ನು ಮೊದಲ ಮಗುವಿಗೆ 5,000 ಎಂದು ಇಳಿಸಿತು. 2022ರಿಂದ ಎರಡನೆಯದು ಹೆಣ್ಣಾದರೆ 6,000 ಎಂದು ಸೇರಿಸಿತು. ಕಾಯಿದೆ ತಾಯಿಗೆ ಕೊಡು ಎಂದರೆ, ಯೋಜನೆ ಮಗು ಎಷ್ಟನೆಯದು, ಹೆಣ್ಣೋ ಗಂಡೋ ಎಂದು ಕೇಳುತ್ತದೆ. ನಮ್ಮ ಮನೆಗೆ ಬರುವವು ಎರಡೂ ಗಂಡಾದರೆ ಏನೂ ಇಲ್ಲ. ಎರಡೂ ಹೆಣ್ಣಾದರೆ ಒಂದೇ 6,000. ಲೆಕ್ಕ ಬರೆಯುವವರ ಕಣ್ಣಿಗೆ ಕೂಸು ಕಾಣುವುದಿಲ್ಲ, ಹೆರಿಗೆ ಕಾಣುತ್ತದೆ.

ಆದರೆ ನನ್ನನ್ನು ಎರಡು ವಾರ ನಿದ್ದೆಗೆಡಿಸಿದ್ದು ಇದಾವುದೂ ಅಲ್ಲ. ಅದನ್ನು ಬರೆಯುವುದು ಸ್ವಲ್ಪ ಕಷ್ಟ.

ಊರಿನ ಹತ್ತಿ ಗಿರಣಿಗಳ ಭೋಂಗಾ ನಿಂತ ಮೇಲೆ ನಮ್ಮ ದಾವಣಗೆರೆಯ ಎಷ್ಟೋ ಹೆಣ್ಣುಮಕ್ಕಳು ಸಣ್ಣ ಸಣ್ಣ ಹೊಲಿಗೆ ಕಾರ್ಖಾನೆಗಳಿಗೆ ಹೋಗುತ್ತಾರೆ. ನನ್ನ ಹೆಂಡತಿಯೂ ನಾಲ್ಕು ವರ್ಷದಿಂದ ಅಂಥ ಒಂದು ಕಡೆ ಕೆಲಸಕ್ಕಿದ್ದಾಳೆ. ಅಲ್ಲಿ 14 ಮಿಷನ್ನು, 14 ಜನ. ಹಾಜರಿ ಪುಸ್ತಕದಲ್ಲಿ 9 ಹೆಸರು. ಹತ್ತು ಜನರಾದರೆ ಕಾಯಿದೆ ಬರುತ್ತದೆ, ಇಎಸ್ಐ ಬರುತ್ತದೆ, ಅದಕ್ಕೇ ಒಂಬತ್ತು. ನನ್ನ ಹೆಂಡತಿಯ ಹೆಸರು ಆ ಒಂಬತ್ತರಲ್ಲಿ ಇಲ್ಲ.

ಇದನ್ನು ನಾನು ನಾಲ್ಕು ವರ್ಷ ಕೇಳಲೇ ಇಲ್ಲ. ಊರಿನ ಎಷ್ಟೋ ಮಿಲ್ಲುಗಳ ಹಾಜರಿ ಪುಸ್ತಕ ತೆಗೆಸಿ ನೋಡಿದವನು ನನ್ನ ಮನೆಯ ಕೂಲಿಕಾರಳ ಹೆಸರು ಎಲ್ಲಿದೆ ಎಂದು ನೋಡಲಿಲ್ಲ. ದೀಪದ ಬುಡ ಕತ್ತಲೆ. ಏಳನೆಯ ತಿಂಗಳು ಹತ್ತಿ, ಕಾಲು ಬಾತು, ಪೆಡಲ್ ಒತ್ತಲು ಆಗದೆ ಅವಳು ರಜೆ ಕೇಳಿದಾಗ ‘ಬೇಡ ಅಂದವರಾರಮ್ಮ, ಮನೆಯಲ್ಲಿರು’ ಎಂದರಂತೆ. ಸಂಬಳ? ‘ಕೆಲಸ ಮಾಡಿದ ದಿನಕ್ಕೆ.’

ನಾನು ಮಾಲೀಕರನ್ನು ಕಾಣಲು ಹೋದೆ. ಅವರು ದುಷ್ಟರಲ್ಲ. ನಮ್ಮ ಪತ್ರಿಕೆಯ ಚಂದಾದಾರರು. ಈ ಲೇಖನವನ್ನೂ ಓದುತ್ತಾರೆ, ಓದಲಿ. ಕೂರಿಸಿ ಚಹಾ ಕೊಟ್ಟರು. ‘ಮೇಷ್ಟ್ರೇ, ನಾನೇನು ದೊಡ್ಡ ಮಿಲ್ಲಿನ ಧಣಿಯೆ? ಕೆಲಸವಿಲ್ಲದ ಆರು ತಿಂಗಳಿಗೆ ಕೂರಿಸಿ ಸಂಬಳ ಕೊಟ್ಟರೆ ನಾನು ಬಾಗಿಲು ಹಾಕಬೇಕಾಗುತ್ತದೆ’ ಎಂದರು. ಈ ಮಾತಿನಲ್ಲಿ ನಿಜವಿದೆ ಎಂದು ನಾನು ಒಪ್ಪುತ್ತೇನೆ. 1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರದ ಸಂಬಳವನ್ನು ಮಾಲೀಕನ ಗಲ್ಲಾದಿಂದ ಕೊಡಿಸಿತು. 2017ರಲ್ಲಿ ಅದು 26 ವಾರವಾಯಿತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಇದೆ. ಆಗಲೂ ಗಲ್ಲಾ ಮಾಲೀಕನದೇ. ದೊಡ್ಡ ಬಂಡವಾಳದವನು ತಾಳುತ್ತಾನೆ. ಸಣ್ಣವನು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಇಲ್ಲವೆ ಹೆಸರು ಬರೆಯುವುದಿಲ್ಲ.

ಇದಕ್ಕೆ ದಾರಿ ಇಲ್ಲವೆ? ಇದೆ. 1948ರ ಕಾಯಿದೆಯಿಂದ ಬಂದ ಇಎಸ್ಐ ಇದೆ. ಅಂಗಡಿಕಾರ ಮಿತ್ರರು ಈ ಲೆಕ್ಕವನ್ನು ದಯಮಾಡಿ ಗಮನವಿಟ್ಟು ನೋಡಬೇಕು. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳದವರು ಇದರೊಳಗೆ ಬರುತ್ತಾರೆ. 2019ರ ಜುಲೈಯಿಂದ ಮಾಲೀಕನ ವಂತಿಗೆ ನೂರಕ್ಕೆ 3.25, ಕೆಲಸಗಾರನದು 0.75. ತಿಂಗಳಿಗೆ 10,000 ರೂಪಾಯಿ ಸಂಬಳವೆಂದು ಇಟ್ಟುಕೊಳ್ಳಿ. ಮಾಲೀಕ ಕಟ್ಟಬೇಕಾದ್ದು 325 ರೂಪಾಯಿ, ಕೆಲಸಗಾರಳಿಂದ ಹಿಡಿಯಬೇಕಾದ್ದು 75. ವರ್ಷಕ್ಕೆ ಮಾಲೀಕನಿಗೆ 3,900. ಆಮೇಲೆ ಅವಳು ಹೆರಿಗೆಗೆ ಹೋದರೆ 26 ವಾರದ ಪೂರಾ ಸಂಬಳ, ಅಂದಾಜು 60,000 ರೂಪಾಯಿ, ಇಎಸ್ಐ ನಿಧಿಯಿಂದ ಬರುತ್ತದೆ. ಮಾಲೀಕನ ಗಲ್ಲಾದಿಂದ ಒಂದು ಬಿಡಿಗಾಸೂ ಹೋಗುವುದಿಲ್ಲ. ಬಸಿರಿನಿಂದ ಕಾಯಿಲೆ ಬಿದ್ದರೆ, ದಿನ ತುಂಬುವ ಮೊದಲೇ ಕೂಸು ಹುಟ್ಟಿದರೆ, ಇನ್ನೂ ಒಂದು ತಿಂಗಳು ಕೊಡುವ ನಿಯಮವೂ ಇದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವಳಿ ಹೆತ್ತವರು ತಪ್ಪದೆ ಕೇಳಿ ಪಡೆಯಬೇಕಾದ್ದು.

ಮಾಲೀಕರು ಲೆಕ್ಕ ಕೇಳಿದರು, ತಲೆದೂಗಿದರು. ಆಮೇಲೆ ದನಿ ತಗ್ಗಿಸಿ, ‘ಅದೆಲ್ಲ ಮುಂದಿನ ಮಾತು. ನಿಮ್ಮ ಮನೆಯವರಿಗೆ ಸದ್ಯ 10,000 ಕೊಡುತ್ತೇನೆ, ಹಿಂದಿರುಗಿಸುವುದು ಬೇಡ. ಉಳಿದವರಿಗೆ ತಿಳಿಯುವುದು ಬೇಡ’ ಎಂದರು.

ಮನೆಗೆ ಬಂದು ಹೇಳಿದೆ. ನಾನು ತೆಗೆದುಕೊಳ್ಳೋಣ ಎಂದೆ. ಮುಚ್ಚುಮರೆ ಏಕೆ? ಆ ದಿನ ಮನೆಯಲ್ಲಿ ದುಡ್ಡಿರಲಿಲ್ಲ. ಮುಂದೆ ಎರಡು ಕೂಸಿನ ಖರ್ಚು ಕಣ್ಣಿಗೆ ಕಟ್ಟಿತ್ತು. ಹೊಲಿದು ಹಾಕಬೇಕಾದ ಕುಲಾವಿ ಎರಡು, ಕೌದಿ ಎರಡು, ಹಾಲು ಸಾಲದೆ ಬಂದರೆ ಡಬ್ಬಿಯ ಹಾಲು ಬೇರೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನೀವು ಹೋಗಿದ್ದು ನನ್ನೊಬ್ಬಳ ಸಲುವಾಗಿಯೋ, ಹದಿನಾಲ್ಕು ಜನರ ಸಲುವಾಗಿಯೋ?’ ಎಂದು ಕೇಳಿದಳು. ನಾನು ಮಾತಾಡಲಿಲ್ಲ. ‘ಅಲ್ಲಿ ಇನ್ನಿಬ್ಬರು ಬಸುರಿಯರಿದ್ದಾರೆ. ಒಬ್ಬಳಿಗೆ ಇನ್ನೂ ಮೂರು ತಿಂಗಳು. ನಾನು ಇದನ್ನು ತೆಗೆದುಕೊಂಡರೆ ಅವಳು ಕೇಳುವ ಬಾಯಿ ಮುಚ್ಚಿತು’ ಎಂದಳು.

ಅವಳು ತೆಗೆದುಕೊಳ್ಳಲಿಲ್ಲ. ಇಲ್ಲಿ ಇನ್ನೊಂದು ಮಾತನ್ನು ಓದುಗರು ತಿಳಿಯಬೇಕು. ಇಎಸ್ಐ ಹೆರಿಗೆ ಭತ್ಯಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಒಂದು ಅವಧಿ ಎಂದರೆ ಆರು ತಿಂಗಳು. ಈ ಹೊತ್ತು ಹೆಸರು ಬರೆದರೂ ನನ್ನ ಹೆಂಡತಿಗೆ ಈ ಹೆರಿಗೆಯಲ್ಲಿ ಏನೂ ಬರುವುದಿಲ್ಲ. ಬರುವುದಾದರೆ ಅದು ಮುಂದೆ ಬಸುರಿಯಾಗುವವರಿಗೆ ಬಂದೀತು, ಅದೂ ಅವರ ಹೆಸರು ಬೇಗನೆ ಪುಸ್ತಕಕ್ಕೆ ಏರಿದರೆ. ಇದೆಲ್ಲ ತಿಳಿದೂ ಅವಳು ಬೇಡವೆಂದಳು. ಮಾಲೀಕರು ‘ಬರುವ ತಿಂಗಳು ನೋಡೋಣ’ ಎಂದಿದ್ದಾರೆ. ನಾನೂ ನೋಡುತ್ತೇನೆ.

ಇನ್ನು ಕಾಯಿದೆ ಮಾಡುವವರಿಗೆ ಒಂದು ಮಾತು. 26 ವಾರದಲ್ಲಿ ಹೆರಿಗೆಗೆ ಮುಂಚೆ 8 ವಾರಕ್ಕಿಂತ ಹೆಚ್ಚು ರಜೆ ತೆಗೆದುಕೊಳ್ಳುವಂತಿಲ್ಲ. ಈ 8 ವಾರವನ್ನು ಡಾಕ್ಟರು ಬರೆದ ತಾರೀಖಿನಿಂದ ಹಿಂದಕ್ಕೆ ಎಣಿಸುತ್ತಾರೆ. ಡಾಕ್ಟರು ತಾರೀಖು ಬರೆಯುವುದು 40 ವಾರಕ್ಕೆ. ಅಂದರೆ 32ನೆಯ ವಾರದವರೆಗೆ ಅವಳು ಮಿಷನ್ನಿನ ಮುಂದೆ ಕೂತಿರಬೇಕು. ಅವಳಿ ಹೊತ್ತವಳ ಹೊಟ್ಟೆ ಏಳನೆಯ ತಿಂಗಳಿಗೇ ದಿನ ತುಂಬಿದವಳ ಹೊಟ್ಟೆಯಷ್ಟು ಆಗಿರುತ್ತದೆ. ಹೆತ್ತ ಮೇಲಾದರೂ ಹೆಚ್ಚಿನ ದಿನ ಉಂಟೆ ಎಂದರೆ, ಇಲ್ಲ. ಒಂದಕ್ಕೂ 26, ಎರಡಕ್ಕೂ 26. ಎಲ್ಲ ದೇಶಗಳಲ್ಲೂ ಹೀಗೆಯೇ ಇದೆಯೆಂದು ತಿಳಿಯಬೇಡಿ. ಫ್ರಾನ್ಸಿನಲ್ಲಿ ಮೊದಲ ಕೂಸು ಒಂದಾದರೆ ತಾಯಿಗೆ 16 ವಾರ. ಅವಳಿಯಾದರೆ 34 ವಾರ, ಅದರಲ್ಲಿ 12 ಹೆರಿಗೆಗೆ ಮುಂಚೆ, 22 ಆಮೇಲೆ. ಅಲ್ಲಿಯ ಕಾಯಿದೆ ಕೂಸನ್ನು ಎಣಿಸಲು ಕಲಿತಿದೆ. ನಮ್ಮಲ್ಲಿ ಅವಳಿ ಹೆರಿಗೆ ಹೆಚ್ಚುಕಡಿಮೆ ನೂರಕ್ಕೆ ಒಂದು. ಆ ಒಬ್ಬಳಿಗೆ ಇನ್ನೆಂಟು ವಾರ ಸೇರಿಸಿ ಕೊಟ್ಟರೆ, ಮುಂಚಿತವಾಗಿ ರಜೆ ಹೋಗಲು ಬಿಟ್ಟರೆ ಯಾವ ಬೊಕ್ಕಸ ಬರಿದಾಗುತ್ತದೆ?

ತವರಿನವರು ಬಾಣಂತನ ಮಾಡುವುದಿಲ್ಲವೆ ಎಂದು ಕೇಳುವವರಿದ್ದಾರೆ. ನಮ್ಮತ್ತೆ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುವವರು. ಒಂದು ದಿನ ಬಿಟ್ಟರೆ ಆ ದಿನದ ಕೂಲಿ ಹೋಯಿತು. ಹೆಚ್ಚೆಂದರೆ ಒಂದು ತಿಂಗಳು ಬಂದಿರುತ್ತೇನೆ ಎಂದಿದ್ದಾರೆ. ತವರು ಎಂದರೆ ಹಿಂದೆ ಹಿತ್ತಲಲ್ಲಿ ಎಮ್ಮೆ, ಒಳಗೆ ನಾಲ್ಕು ಜನ ಹೆಂಗಸರು. ಕೂಲಿಯವರ ತವರು ಈಗ ಬೀಗ ಹಾಕಿದ ಮನೆ. ಅದೂ ಅಲ್ಲದೆ ಒಂದು ಕೂಸಿಗೆ ಮೊಲೆಯೂಡುವಾಗ ಇನ್ನೊಂದು ಅಳುತ್ತದೆ. ದಿನ ತುಂಬದೆ ಹುಟ್ಟಿದ ಕೂಸನ್ನು ಬೆಚ್ಚಗೆ ಎದೆಗೆ ಕಟ್ಟಿಕೊಂಡು ಕೂರಬೇಕಂತೆ. ಎರಡಾದರೆ ಎರಡು ಎದೆ ಬೇಕು. ಗಂಡಸಿನ ಎದೆಯೂ ಆಗುತ್ತದೆ ಎಂದು ದಾದಿ ಹೇಳಿದಾಗ ನಮ್ಮವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಎರಡನೆಯ ಬಾಣಂತಿ ನಾನೇ ಎಂದು ನಿಶ್ಚಯವಾಗಿದೆ.

ಪಕ್ಷದ ಕೆಲಸದವನಾದ್ದರಿಂದ ನನಗೆ ಇದು ಸಾಧ್ಯ. ಪಾಳಿಯಲ್ಲಿ ದುಡಿಯುವ ಮಿಲ್ಲಿನ ಗೆಳೆಯ ಏನು ಮಾಡಬೇಕು? ಕೇಂದ್ರ ಸರಕಾರದ ಗಂಡು ನೌಕರನಿಗೆ ಹೆಂಡತಿಯ ಹೆರಿಗೆಗೆಂದು ಸಂಬಳ ಸಹಿತ 15 ದಿನದ ರಜೆ ಇದೆ. ಖಾಸಗಿ ಮಿಲ್ಲಿನವನಿಗೆ ಯಾವ ಕಾಯಿದೆಯಲ್ಲೂ ಒಂದು ದಿನವೂ ಇಲ್ಲ. ಈ ಸಲದ ಬೇಡಿಕೆ ಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ನಾನು ಯೂನಿಯನ್ನಿನ ಹಿರಿಯರೊಬ್ಬರಿಗೆ ಹೇಳಿದೆ. ‘ಬೋನಸ್ಸಿನ ಪಕ್ಕದಲ್ಲಿ ಬಾಣಂತನ ಬರೆಯಲೇನಪ್ಪ?’ ಎಂದರು. ಬರೆಯಿರಿ ಅಣ್ಣ, ಪಕ್ಕದಲ್ಲೇ ಬರೆಯಿರಿ.

ತೊಟ್ಟಿಲು ಒಂದು ನಮ್ಮ ಮನೆಯದೇ ಇತ್ತು, ಮಗಳದು. ಇನ್ನೊಂದನ್ನು ವಠಾರದ ಮೂಲೆಮನೆಯ ಚಾಚಿ ತಮ್ಮ ಅಟ್ಟದಿಂದ ಇಳಿಸಿ, ತೊಳೆದು ಬಿಸಿಲಿಗೆ ಇಟ್ಟಿದ್ದಾರೆ. ಅದರ ಒಂದು ಕಾಲು ಅಲ್ಲಾಡುತ್ತದೆ, ಬಡಿಗಿಗೆ ಹೇಳಿದ್ದೇನೆ.

ಬರುವ 9ನೆಯ ತಾರೀಖು ಆಸ್ಪತ್ರೆಗೆ ಹೋಗಬೇಕಾದ್ದರಿಂದ ಅಂದು ನಾನು ಕಚೇರಿಯಲ್ಲಿ ಸಿಗುವುದಿಲ್ಲ. 10ನೆಯ ತಾರೀಖು ಸಂಜೆ ಆರರ ಮೇಲೆ ಇರುತ್ತೇನೆ. ಹೊಲಿಗೆ ಕಾರ್ಖಾನೆ, ಅಕ್ಕಿ ಗಿರಣಿ, ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ತಮ್ಮ ಹೆಸರು ಪುಸ್ತಕದಲ್ಲಿದೆಯೋ, ಇಎಸ್ಐ ನಂಬರು ಬಂದಿದೆಯೋ ತಿಳಿಯಬೇಕಾದರೆ ಸಂಬಳದ ಚೀಟಿ, ಆಧಾರ್ ಕಾರ್ಡು ತೆಗೆದುಕೊಂಡು ಬರಲಿ. ಮಾಲೀಕರೂ ಬರಬಹುದು, ಲೆಕ್ಕ ಮಾಡಿ ತೋರಿಸುತ್ತೇನೆ. ಏಳೂವರೆಗೆ ಮಾತ್ರ ನನ್ನನ್ನು ಬಿಡಬೇಕು. ಮರುದಿನ ಜಾವದಲ್ಲಿ ನೀರು ಬರುವ ಸರದಿ.